ಎರಡನೇ ಮಾನಿಟರಿನ ಸಾರ್

ಕೆಲಸ ಬೇಗ ಸಾಗಲಿ ಅಂತ ನಮ್ಮ ಬ್ಯಾಂಕಿನ ಪಟ್ಟಂ ಶಾಖೆಯಲ್ಲಿ ನನಗೆ ಎರಡನೇ ಮಾನಿಟರ್ ಕೊಟ್ಟರು. ನನ್ನ ಮೇಜಿನಲ್ಲಿ ಜಾಗವಿರಲಿಲ್ಲ, ಪಕ್ಕಕ್ಕೆ ಇನ್ನೊಂದು ಮೇಜು ಹಾಕಿ ಅದರ ಮೇಲಿಟ್ಟರು. ಮೇಜು ಬಂದ ಮೇಲೆ ಅದರೆದುರು ಗ್ರಾಹಕರಿಗೊಂದು ಕುರ್ಚಿಯೂ ಬಂತು.

ಒಂದು ದಿನ ವಯಸ್ಸಾದವರೊಬ್ಬರು ಲಾಕರ್ ತೆರೆಯಲು ಬಂದರು. ಮರುದಿನ ಮೊಮ್ಮಗಳ ಮದುವೆ, ಸರ ಒಳಗಿದೆ. ಸಹಿ ತಾಳೆಯಾಗಲಿಲ್ಲ. ಆಗುವುದಿಲ್ಲ ಅಂದೆ. ಅವರು ಜಗಳಾಡಲಿಲ್ಲ, ಎದ್ದು ಹೋಗಿ ಪಕ್ಕದ ಮೇಜಿನ ಮುಂದೆ ಕೂತರು.

"ಅಲ್ಲಿ ಯಾರೂ ಇಲ್ಲ."

"ಆ ಸಾರ್ ಬರಲಿ, ಕಾಯುತ್ತೇನೆ."

ಒಂದು ಕೌಂಟರಿನಲ್ಲಿ ಆಗದ್ದು ಪಕ್ಕದ ಕೌಂಟರಿನಲ್ಲಿ ಆಗುತ್ತದೆ ಎಂಬುದು ಅವರು ಜೀವನವಿಡೀ ಕಂಡುಕೊಂಡ ಸತ್ಯವಿರಬೇಕು. ಅರ್ಧ ಗಂಟೆಯಾದರೂ ಏಳಲಿಲ್ಲ. ಕೊನೆಗೆ ನಾನೇ ಕೂತಿದ್ದ ಚಕ್ರದ ಕುರ್ಚಿಯನ್ನು ಆ ಮೇಜಿನ ಹಿಂದಕ್ಕೆ ಸರಿಸಿಕೊಂಡೆ. ಅವರು ಎದ್ದು ನಮಸ್ಕರಿಸಿ, ಕತೆಯನ್ನೆಲ್ಲ ಮೊದಲಿನಿಂದ ಹೇಳಿದರು. ಆಚೆಯ ಸಾರ್ ಮುಖ ಕೊಟ್ಟು ಮಾತಾಡಲಿಲ್ಲ ಎಂಬುದನ್ನೂ ಬಿಡಲಿಲ್ಲ.

ಹೊಸ ಮಾನಿಟರಿನಲ್ಲಿ ಹಳೆಯ ಸಹಿಯನ್ನು ದೊಡ್ಡದು ಮಾಡಿ ನೋಡಿದೆ. ಅಕ್ಷರಗಳು ಅವೇ, ಈಗ ಕೈ ಮಾತ್ರ ನಡುಗಿತ್ತು. ಲಾಕರ್ ತೆರೆಸಿದೆ.

ಹೊರಡುವಾಗ ಅವರು, "ನಿಮ್ಮಂಥವರು ಇರಬೇಕು ಸಾರೇ. ಆ ಸಾರಿಗೂ ಸ್ವಲ್ಪ ಬುದ್ಧಿ ಹೇಳಿ" ಅಂದರು.

"ನಾನು ಹೇಗೆ ಹೇಳಲಿ?" ಅಂದೆ. "ಅವರು ನನಗಿಂತ ಸೀನಿಯರ್."