ಅವ್ವನ ಮೂರನೆಯ ಸಾಲು

ಲಕ್ವ ಹೊಡೆದ ಮೇಲೆ ಅವ್ವನ ಮಾತು ಹೋಯಿತು. ನೀರು ಬೇಕೆಂದರೂ ಕೈ ಮಾಡಿ ತೋರಿಸಬೇಕಿತ್ತು. ಆದರೆ ಹಾನಗಲ್ಲಿನ ಅಕ್ಕನ ಮನೆಯಲ್ಲಿ, ಮಂಚದ ಮೇಲೆ ದಿಂಬಿಗೆ ಒರಗಿ, ಹಿಂದೆ ತಾನೇ ಕಟ್ಟಿದ್ದ ಮದುವೆ ಹಾಡನ್ನು ಒಂದಿಷ್ಟೂ ತೊದಲದೆ ಹಾಡುತ್ತಿದ್ದಳು:

ಎಲ್ಲಾರು ಬಂದಾರ ಅಂಗಳಕ ಕುಂತಾರ
ಬೆಲ್ಲಾದ ನೀರ ಕೊಡ ತಂಗಿ

ಅಲ್ಲಿಗೆ ನಿಂತುಬಿಡುತ್ತಿತ್ತು. ತ್ರಿಪದಿ ಹಾಡುವವರು ಎರಡನೆಯ ಸಾಲನ್ನು ಮರಳಿ ಹೇಳಿ ಮೂರನೆಯದಕ್ಕೆ ಹೋಗುತ್ತಾರೆ. ಅವ್ವ ಮರಳಿ ಹೇಳುತ್ತಿದ್ದಳು, ಮತ್ತೂ ಹೇಳುತ್ತಿದ್ದಳು. ಮೂರನೆಯದು ಬರುತ್ತಿರಲಿಲ್ಲ. ಬಾಯಿ ತೆರೆದುಕೊಂಡೇ ನನ್ನ ಮುಖ ನೋಡುತ್ತಿದ್ದಳು.

ನಾನು ಶಿಗ್ಗಾಂವದ ಕಾಲೇಜಿನಲ್ಲಿ ಛಂದಸ್ಸು ಕಲಿಸುವವನು. ರವಿವಾರ ಬಸ್ಸಿನಲ್ಲಿ ಬರುವಾಗ ಟಿಕೆಟ್ಟಿನ ಹಿಂದೆ ಗಣ ಹಾಕಿ ನೋಡಿದೆ. ಮೊದಲ ಸಾಲಿನಲ್ಲಿ ಐದೈದು ಮಾತ್ರೆಯ ನಾಲ್ಕು ಗಣ. ಎರಡೂ ಸಾಲಿನ ಎರಡನೆಯ ಅಕ್ಷರದ ವ್ಯಂಜನ 'ಲ್ಲ'. ಹಾಗಾದರೆ ಕಳೆದುಹೋದ ಸಾಲಿನಲ್ಲೂ ಅದೇ ಪ್ರಾಸ ಇರಬೇಕು. ಅವ್ವನ ಮುಂದೆ ಕುಳಿತು ಒಂದೊಂದೇ ಪದ ಹೇಳಿದೆ: ಕಲ್ಲು, ಹುಲ್ಲು, ಗಲ್ಲ, ಅಲ್ಲಿ, ಇಲ್ಲಿ. ಎಲ್ಲದಕ್ಕೂ ತಲೆ ಅಲ್ಲಾಡಿಸಿದಳು. ಕೊನೆಗೆ ಅತ್ತಳು.

ಅಕ್ಕನ ಮದುವೆಯಲ್ಲೂ ಅವ್ವ ಆ ಹಾಡು ಹಾಡಿದ್ದಳು. ಅಕ್ಕನನ್ನು ಕೇಳಿದೆ.

"ನಾ ಅವತ್ತು ಅಳಾಕತ್ತಿದ್ನೋ ತಮ್ಮಾ, ಹಾಡು ಎಲ್ಲಿ ಕೇಳ್ಲಿ?" ಎಂದಳು.

ಮುಂದಿನ ವಾರ ತಿಳವಳ್ಳಿಗೆ ಹೋದೆ. ಅವ್ವನ ತವರು ಅದು. ಅವಳ ಜೊತೆ ದನಿಗೂಡಿಸುತ್ತಿದ್ದ ಗೆಳತಿಯೊಬ್ಬಳು ಇನ್ನೂ ಇದ್ದಳು. ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಆಕೆ ಎರಡೂ ಸಾಲು ಹಾಡಿ ನಕ್ಕಳು.

"ಮೂರನೇದು ಯಾವದಂತ ಹೇಳ್ಲಿ? ಒಂದೊಂದು ಮದಿವಿಗೆ ಒಂದೊಂದು. ಮದುಮಗಳ ಮಾರಿ ನೋಡಿ ನಿಮ್ಮವ್ವ ಅಲ್ಲೇ ಕಟ್ತಿದ್ಲು. ನಾವು ಆಕಿ ಬಾಯಿ ನೋಡ್ಕೊಂತ ಕಾಯ್ತಿದ್ವಿ."

ಅವ್ವ ಮರೆತದ್ದನ್ನು ನೆನೆಯುತ್ತಿರಲಿಲ್ಲ; ನನ್ನ ಮುಖ ನೋಡಿ ಹೊಸದಾಗಿ ಏನನ್ನೋ ಹೇಳಲು ಹವಣಿಸುತ್ತಿದ್ದಳು. ನಾನು ಪಾಠದ ಲೆಕ್ಕ ಹಿಡಿದು ಅವಳ ಬಾಯಿಗೆ ಕಲ್ಲು, ಹುಲ್ಲು ತುರುಕಿದ್ದೆ.

ಅಂದೇ ಹಾನಗಲ್ಲಿಗೆ ಮರಳಿದೆ. ಅವ್ವ ನನ್ನನ್ನು ಕಂಡವಳೇ ಹಾಡಿದಳು, ಎರಡನೆಯ ಸಾಲಿಗೆ ಬಂದು ನಿಂತಳು. ಕಾಯೋಣವೆಂದುಕೊಂಡೇ ಬಂದಿದ್ದೆ. ಆದರೆ ಅವಳ ತುಟಿ ನಡುಗುವುದನ್ನು ನೋಡಲಾಗಲಿಲ್ಲ. ಬಾಯಿಗೆ ಬಂದದ್ದನ್ನು ಹಾಡಿಬಿಟ್ಟೆ:

"ಮಲ್ಲೀಗಿ ಮುಡಿಸಿ ಕಳಿಸೇನ..."

ಮಾತ್ರೆ ಸರಿಯಿತ್ತು, ಪ್ರಾಸವೂ ಸರಿಯಿತ್ತು. ಅವ್ವ ಪೂರ್ತಿ ಕೇಳಿದಳು. ಆಮೇಲೆ, ತಪ್ಪು ಬರೆದ ಹುಡುಗನ ಬಗ್ಗೆ ಮರುಕಪಡುವವಳಂತೆ ನನ್ನ ಗಲ್ಲ ಸವರಿ, ನಿಧಾನವಾಗಿ ಗೋಡೆಯ ಕಡೆ ಹೊರಳಿ ಮಲಗಿದಳು.

"ಆಕಿನ್ನ ಕಾಡಬ್ಯಾಡೋ," ಎಂದಳು ಅಕ್ಕ, ಹೊದಿಕೆ ಎಳೆಯುತ್ತ.

ಅದಾದ ಮೇಲೆ ಅವ್ವ ಹಾಡಲೂ ಇಲ್ಲ. ಈಗಲೂ ರವಿವಾರ ಹೋಗುತ್ತೇನೆ. ಕೈ ಹಿಡಿದು ಕುಳಿತು ಬರುತ್ತೇನೆ.