ಎರಡೂ ಕಡೆ ಒಂದೇ ಥರ ಇದ್ದ ಮುಖ

ಕನ್ನಡಕದ ಅಕ್ಕ ಬರೆದ ಚಿತ್ರ ನೋಡಿದವ್ರೆಲ್ಲ ಮೊದಲು ಕೇಳೋದು ಒಂದೇ, "ಇದ್ರಲ್ಲಿ ಮೂಗೆಲ್ಲಿ?" ಅದಕ್ಕೆ ಅಕ್ಕನ ಉತ್ರನೂ ಒಂದೇ. "ಮೂಗು ನಿಮ್ಮ ಹತ್ರನೇ ಇದ್ಯಲ್ಲ, ಮನೆಗೆ ಹೋಗಿ ಕನ್ನಡಿ ನೋಡ್ಕೊಳ್ಳಿ."

ನಿಜ ಹೇಳ್ತೀನಿ, ಈ ಅಕ್ಕನ ಥರ ಮುಖ ಬರೆಯೋರನ್ನ ನಾನಂತೂ ಎಲ್ಲೂ ನೋಡಿಲ್ಲ. ಹಗಲು ಕನ್ನಡಕದ ಅಂಗಡಿ. ಗಿರಾಕಿ ಬಂದ್ರೆ ಎದುರಿಗೆ ಕೂರಿಸಿ, ಸಣ್ಣ ಅಳತೆಪಟ್ಟಿ ಮೂಗಿನ ಮೇಲಿಟ್ಟು, ಎರಡು ಕಣ್ಣಿನ ನಡುವಿನ ಅಂತರ, ಕಿವಿ ಎತ್ತರ ಎಲ್ಲ ನೋಡ್ತಾರೆ. ಯಾರ ಮುಖಾನೂ ಎರಡು ಕಡೆ ಒಂದೇ ಥರ ಇರಲ್ವಂತೆ. ಒಂದು ಕಿವಿ ಚೂರು ಮೇಲೆ, ಒಂದು ಹುಬ್ಬು ಚೂರು ಕೆಳಗೆ. ಅದಕ್ಕೇ ಹೊಸ ಕನ್ನಡಕದ ಕಡ್ಡಿನ ಬಿಸಿ ಮಾಡಿ ಬಗ್ಗಿಸೋದು. ಅಂಗಡಿ ಬಾಗ್ಲು ಹಾಕಿದ್ಮೇಲೆ ಹಿಂದಿನ ರೂಮಲ್ಲಿ ಕೂತು ಅಕ್ಕ ಬರೆಯೋದು ಆ ವಾರೆನ ಮಾತ್ರ. ಕಣ್ಣಿಲ್ಲ, ಬಾಯಿಲ್ಲ, ಬರೀ ಬಣ್ಣದ ಪಟ್ಟೆಗಳು, ಎಡಗಡೆ ಒಂದು ಥರ, ಬಲಗಡೆ ಇನ್ನೊಂದು ಥರ. ತಮಾಷೆ ಅಂದ್ರೆ, ಬೀದಿಲಿ ಎಲ್ರಿಗೂ ಗುರ್ತು ಸಿಕ್ಬಿಡುತ್ತೆ! ಬೇಕರಿಯವ್ರ ಚಿತ್ರ ನೋಡಿ ಅವ್ರ ಹೆಂಡ್ತಿ, "ಅಯ್ಯೋ, ಸುಳ್ಳು ಹೇಳುವಾಗ ಹೀಗೇ ಇರ್ತಾರೆ ಇವ್ರು" ಅಂದ್ಬಿಟ್ರು.

ಅಕ್ಕನಿಗೆ ಒಬ್ಬ ತಮ್ಮ. ಎರಡು ಬೀದಿ ಆಚೆ ಕೋಟು ಹೊಲಿಯೋ ದರ್ಜಿ, ನಮ್ಗೆಲ್ಲ ದರ್ಜಿ ಅಣ್ಣ. ಕೆಲವು ವರ್ಷದಿಂದ ಕೈ ನಡುಕ. ಬಟ್ಟೆ ಮೇಲೆ ಗೆರೆ ಒಂದು ಕಡೆ ಹೋದ್ರೆ ಕತ್ರಿ ಇನ್ನೊಂದು ಕಡೆ. ತಲೆಯೊಳಗೆ ಸಣ್ಣ ತಂತಿ ಇಟ್ಟು, ಎದೆ ಚರ್ಮದ ಕೆಳಗೆ ಬ್ಯಾಟರಿ ಕೂರಿಸಿದ್ರೆ ನಡುಕ ಹಿಡಿತಕ್ಕೆ ಬರಬಹುದು ಅಂತ ಡಾಕ್ಟ್ರು ಹೇಳಿದ್ರು. ದರ್ಜಿ ಅಣ್ಣ ಒಪ್ಕೊಂಡೂ ಆಗಿತ್ತು, ಆಪರೇಷನ್‌ಗೆ ದಿನಾನೂ ಗೊತ್ತಾಗಿತ್ತು.

ಆದ್ರೆ ಅಕ್ಕನ ತಲೇಲಿ ಹುಳ ಬಿಟ್ಟಂಗಾಯ್ತು. ಮನುಷ್ಯ ಮುಂದೆ ಅರ್ಧ ಯಂತ್ರ ಆಗ್ತಾನೆ, ಚಿಪ್ ಹಾಕಿ ಎಲ್ರನ್ನೂ ಒಂದೇ ಅಚ್ಚಲ್ಲಿ ತೆಗೀತಾರೆ ಅಂತ ಟೀವಿಲಿ ಯಾರೋ ಗಂಟೆಗಟ್ಲೆ ಮಾತಾಡಿದ್ರಂತೆ. ಆ ವಾರ ಪೂರ್ತಿ ಕೂತು ತಮ್ಮನ ಚಿತ್ರ ಬರೆದ್ರು. ಜೀವಮಾನದಲ್ಲಿ ಮೊದಲ ಸಲ ಎರಡೂ ಕಡೆ ಒಂದೇ ಥರ. ಕಡ್ಡಿ ಬಗ್ಗಿಸೋ ಅಗತ್ಯನೇ ಇಲ್ಲದ ಮುಖ. ಕೆಳಗೆ "ತಮ್ಮ" ಅಂತ ಚೀಟಿ ಅಂಟಿಸಿ ಅಂಗಡಿ ಗೋಡೆಗೆ ನೇತುಹಾಕೇಬಿಟ್ರು. ಬರೆದಿದ್ದನ್ನ ಬಚ್ಚಿಟ್ಟು ಅಭ್ಯಾಸ ಇಲ್ಲ ನೋಡಿ ಅಕ್ಕನಿಗೆ.

ತಮ್ಮ ಬಂದ್ರು, ಚಿತ್ರ ನೋಡಿದ್ರು, ಚೀಟಿ ನೋಡಿದ್ರು.

"ಇದ್ಯಾರಕ್ಕ?"

"ನೀನೇ ಕಣೋ. ಆಪರೇಷನ್ ಆದ್ಮೇಲೆ."

ಅಷ್ಟೇ. ದರ್ಜಿ ಅಣ್ಣ ಮನೆಗೆ ಹೋದವ್ರೇ ಆಸ್ಪತ್ರೆಗೆ ಫೋನ್ ಮಾಡಿ, ನಾನು ಬರಲ್ಲ ಅಂದ್ಬಿಟ್ರು.

ಮಾರನೇ ದಿನ ಅವ್ರ ಹೆಂಡ್ತಿ ಕನ್ನಡಕದ ಅಂಗಡಿಗೇ ನುಗ್ಗಿದ್ರು. ಗಿರಾಕಿಗಳು ಇದ್ರೂ ಲೆಕ್ಕಕ್ಕಿಲ್ಲ. "ಏನತ್ತಿಗೆ, ನಿಮ್ಗೆ ಬರೆಯೋಕೆ ಬೇರೆ ಯಾರ ಮೂತಿನೂ ಸಿಗ್ಲಿಲ್ವಾ? ಅವ್ರ ಶರ್ಟಿನ ಗುಂಡಿ ನಾನು ಹಾಕ್ತಾ ಇದೀನಿ. ಊರಿಗೆಲ್ಲ ಕೋಟು ಹೊಲಿದ ಮನುಷ್ಯ!"

ಅಕ್ಕ ಗಿರಾಕಿಗಳನ್ನ ನಾಳೆ ಬನ್ನಿ ಅಂತ ಕಳಿಸಿದ್ರು. ಅಂಗಡಿಗೆ ಬೀಗ ಜಡಿದು ಸೀದಾ ತಮ್ಮನ ಹತ್ರ ಹೋದ್ರು. ಅವ್ರು ಹೊಲಿಗೆ ಮೆಷಿನ್ ಮುಂದೆ ಸುಮ್ನೆ ಕೂತಿದ್ರು, ಎರಡೂ ಕೈ ತೊಡೆ ಕೆಳಗೆ ಇಟ್ಕೊಂಡು.

"ಕನ್ನಡಕನೂ ಯಂತ್ರನೇ ಕಣೋ, ಹಾಕ್ಕೊಂಡವ್ರು ಬೇರೆಯವ್ರಾಗ್ತಾರಾ?" ಅಂತ ಶುರು ಮಾಡಿದ್ರು ಅಕ್ಕ.

"ಕನ್ನಡಕ ಮಲಗುವಾಗ ತೆಗೆದಿಡ್ತೀವಿ. ಇದನ್ನ ಎಲ್ಲಿ ತೆಗೆದಿಡ್ಲಿ, ಮಂಚದ ಕೆಳಗಾ?"

ಅಕ್ಕ ಸ್ಟೂಲ್ ಎಳ್ಕೊಂಡು ಎದುರಿಗೆ ಕೂತ್ರು. "ನೋಡು, ಆ ಚಿತ್ರ ಸುಳ್ಳು. ಅಳತೆ ತಗೊಳ್ದೆ ನಾನು ಯಾರನ್ನೂ ಬರೆದೋಳಲ್ಲ. ಇನ್ನೂ ಬಂದೇ ಇಲ್ಲದ ಮುಖನ ಹೇಗೆ ಅಳೀಲಿ? ಹೆದ್ರಿದ್ದು ನಾನು, ಕೈಗೆ ಸಿಕ್ಕಿದ್ದು ನೀನು."

"ಹಾಗಾದ್ರೆ ನಾನು ನಾನಾಗೇ ಇರ್ತೀನಿ ಅಂತ ಬರ್ಕೊಡು."

"ಬರ್ಕೊಡೋಕೆ ನಾನ್ಯಾರೋ? ಪಕ್ಕದಲ್ಲಿ ಇರ್ತೀನಿ. ನಿನ್ನ ಬದ್ಲು ಬೇರೆ ಯಾರಾದ್ರೂ ಎದ್ದು ಕೂತ್ರೆ ಮೊದಲು ನಾನೇ ಹೇಳ್ತೀನಿ. ಹುಟ್ಟಿದಾಗಿಂದ ನಿನ್ನ ನೋಡ್ತಾ ಇರೋಳು, ನಂಗೆ ಟೋಪಿ ಹಾಕೋಕೆ ಯಾವ ಬ್ಯಾಟರಿಗೂ ಆಗಲ್ಲ."

ದರ್ಜಿ ಅಣ್ಣ ತೊಡೆ ಕೆಳಗಿಂದ ಕೈ ತೆಗೆದ್ರು. "ಫೋನ್ ನೀನೇ ಮಾಡು. ಬರಲ್ಲ ಅಂತ ಜೋರು ಮಾಡ್ಬಿಟ್ಟಿದೀನಿ, ನಂಗೆ ನಾಚಿಕೆ."

ಚಿತ್ರನ ಅಕ್ಕ ಗೋಡೆಯಿಂದ ಇಳಿಸ್ಲಿಲ್ಲ. ಕೆಳಗಿದ್ದ "ತಮ್ಮ" ಅನ್ನೋ ಚೀಟಿ ಕಿತ್ತು "ನನ್ನ ಹೆದರಿಕೆ" ಅಂತ ಅಂಟಿಸಿದ್ರು. ನಂಗಂತೂ ಅಕ್ಕ ಬರೆದಿದ್ರಲ್ಲೆಲ್ಲ ಅದೇ ಇಷ್ಟ!

ಆಪರೇಷನ್ ಆಯ್ತು. ಗಾಯ ಮಾಗೋವರೆಗೂ ಬ್ಯಾಟರಿ ಆನ್ ಮಾಡಿರ್ಲಿಲ್ಲ. ಆನ್ ಮಾಡೋ ದಿನ ಅಕ್ಕ, ತಮ್ಮನ ಹೆಂಡ್ತಿ ಇಬ್ರೂ ಆ ಪುಟ್ಟ ರೂಮಲ್ಲೇ ಕೂತಿದ್ರು. ಡಾಕ್ಟ್ರು ಕರೆಂಟನ್ನ ಚೂರು ಚೂರೇ ಏರಿಸಿದ್ರು. ನಡುಕ ಕಮ್ಮಿ ಆಯ್ತು, ಇನ್ನೂ ಕಮ್ಮಿ ಆಯ್ತು, ನಿಂತೇಹೋಯ್ತು.

"ಹೇಗನ್ಸುತ್ತೆ?" ಅಂದ್ರು ಡಾಕ್ಟ್ರು.

ದರ್ಜಿ ಅಣ್ಣ ಅವ್ರ ಕಡೆ ನೋಡ್ಲೇ ಇಲ್ಲ. ಅಕ್ಕನ ಭುಜಾನೇ ದಿಟ್ಟಿಸ್ತಾ ಇದ್ರು.

"ಅಕ್ಕ, ನಿನ್ನ ಕೋಟಿನ ತೋಳು ಇಳಿದುಹೋಗಿದೆ. ಯಾವ ಕತ್ತೆ ಹೊಲಿದಿದ್ದು ಇದನ್ನ?"

"ನೀನೇ ಕಣೋ. ಹೋದ ಚಳಿಗಾಲದಲ್ಲಿ."

"ಅದು ನಡುಗೋ ಕತ್ತೆ. ಬಿಚ್ಚು ಇಲ್ಲಿ."

ಹೆಂಡ್ತಿ ಬಿದ್ದು ಬಿದ್ದು ನಕ್ರು. ಅಕ್ಕ ಕೋಟು ಬಿಚ್ಚಿ ಕೊಡ್ತಾ ಡಾಕ್ಟ್ರ ಕಡೆ ತಿರುಗಿ, "ಇವನೇ ಸಾರ್, ಅನುಮಾನನೇ ಬೇಡ" ಅಂದ್ರು.