ತಲೆಕಟ್ಟು ಬಿಟ್ಟ ಅಕ್ಷರಗಳು

ಮಕ್ಕಳೇ, ನಮ್ಮ ಕಾಲದ ಸಾಲಿಯನ್ನು ಹೊಗಳುವವರು ವಿಜಯಪುರದ ಈ ಮನೆಗೆ ಬಹಳ ಮಂದಿ ಬರುತ್ತಾರೆ. ಆಗಿನ ಮಾಸ್ತರರು ಕಲಿಸಿದ ಅಕ್ಷರ ಮುತ್ತಿನ ಹಾಗಿರುತ್ತಿತ್ತು, ಈಗಿನವರಿಗೆ ಕಲಿಸಲು ಬರುವುದಿಲ್ಲ ಎಂದು ಚಹಾ ಕುಡಿಯುತ್ತ ಹೇಳುತ್ತಾರೆ. ನಾನು ಒಳಗೆ ನಿಂತು ಕೇಳಿಸಿಕೊಳ್ಳುತ್ತೇನೆ. ಹೊರಗೆ ಬಂದು ನಾಲ್ಕು ಜನರೆದುರು ಮಾತಾಡುವ ಅಭ್ಯಾಸ ನನಗಿಲ್ಲ, ನಿಮ್ಮ ಅಜ್ಜ ಇದ್ದಾಗಲೂ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಅಕ್ಷರವೂ ಚೆನ್ನಾಗಿದೆ. ಅದನ್ನು ಕಲಿಸಿದ ಮಾಸ್ತರರ ಮೇಲೆ ನನಗೆ ಇವತ್ತಿಗೂ ಸಿಟ್ಟು ಹೋಗಿಲ್ಲ.

ತಿಕೋಟಾದ ಆಚೆ ನಮ್ಮೂರು. ಸಾಲಿ ಎಂದರೆ ಒಂದೇ ಕೋಣೆ, ಒಬ್ಬರೇ ಮಾಸ್ತರರು, ನಾಲ್ಕು ಇಯತ್ತೆಗಳು. ಒಂದನೇ ಇಯತ್ತೆಯವರಿಗೆ ಬರೆಯುವುದೆಂದರೆ ತಿದ್ದುವುದು. ಬೆಳಿಗ್ಗೆ ಮಾಸ್ತರರು ಸಾಲಾಗಿ ಬಂದು ಒಬ್ಬೊಬ್ಬರ ಪಾಟಿಯನ್ನೂ ಕೈಗೆ ತೆಗೆದುಕೊಂಡು ದೊಡ್ಡದಾಗಿ ಅಕ್ಷರ ಬರೆದುಕೊಡುತ್ತಿದ್ದರು. ಅದರ ಮೇಲೆಯೇ ನಾವು ಬಳಪ ಆಡಿಸಬೇಕು, ಗೆರೆ ಬೆರಳಿನಷ್ಟು ದಪ್ಪ ಆಗುವ ತನಕ. ಹಾಗೆ ತಿದ್ದಿದ್ದನ್ನು ಕೈ ಮರೆಯುವುದಿಲ್ಲ. ತಪ್ಪು ತಿದ್ದಿದ್ದರೆ ಅದನ್ನೂ ಮರೆಯುವುದಿಲ್ಲ.

ನನ್ನ ಇಯತ್ತೆಯ ಕಮಲಿ ಹೊಸ್ತಿಲ ಆಚೆ ಕೂಡುತ್ತಿದ್ದಳು. ಅವರ ಓಣಿ ಊರ ಹೊರಗಿತ್ತು. ಊರಿನವರು ಆ ಓಣಿಯವರನ್ನು ಮುಟ್ಟುತ್ತಿರಲಿಲ್ಲ. ಅವರ ಮನೆಯಲ್ಲಿ ಬುದ್ಧನ ಪಟ ತಂದು ಹಾಕಿದ್ದಾರೆ ಎಂದು ನಮ್ಮ ಕಟ್ಟೆಯ ಮೇಲೆ ಗಂಡಸರು ನಗುತ್ತಿದ್ದುದು ನೆನಪಿದೆ. ಅವಳು ಕೂತಲ್ಲಿಂದ ಗೋಡೆಯ ಕರಿಹಲಗೆ ಕಾಣುತ್ತಿರಲಿಲ್ಲ. ಪುಸ್ತಕ ಅವಳಲ್ಲಿರಲಿಲ್ಲ. ಮಾಸ್ತರರು ಹೊಸ್ತಿಲಿನ ತನಕ ಬಂದು ತಿರುಗಿಬಿಡುತ್ತಿದ್ದರು. ಅವಳ ಪಾಟಿಯನ್ನು ಅವರು ಒಂದು ದಿನವೂ ಮುಟ್ಟಲಿಲ್ಲ.

ಆ ಕೆಲಸ ನನಗೆ ಬಂತು. ಬಾಗಿಲ ಹತ್ತಿರ ಕೂಡುವವಳು ನಾನು, ಒಲ್ಲೆ ಎನ್ನದವಳೂ ನಾನೇ. ಅವಳಿಗೂ ಅಕ್ಷರ ಬರೆದುಕೊಡು ಎಂದು ಮಾಸ್ತರರು ಬೆತ್ತದಿಂದ ತೋರಿಸಿ ಹೇಳಿದರು. ಅಂದಿನಿಂದ ದಿನಾ ನನ್ನ ಪಾಟಿ ನೋಡಿಕೊಂಡು ಅವಳ ಪಾಟಿಯ ಮೇಲೆ ಬರೆಯತೊಡಗಿದೆ.

ನಮ್ಮ ಆಯಿಗೆ, ಅಂದರೆ ನಮ್ಮಪ್ಪನ ತಾಯಿಗೆ, ಇದು ತಿಳಿಯಿತು. ಮಾಸ್ತರರ ಮಾತು ಮೀರುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅವಳ ಪಾಟಿ ಮುಟ್ಟಿದರೆ ಮೈಲಿಗೆ ಎಂದಳು ಆಯಿ. ಸಾಲಿ ಬಿಟ್ಟು ಬಂದ ಕೂಡಲೇ ನಾನು ಹಿತ್ತಲಲ್ಲಿ ಮೈಮೇಲೆ ನೀರು ಸುರಿದುಕೊಳ್ಳಬೇಕು, ಆಮೇಲೆ ರೊಟ್ಟಿ ಎಂದಾಯಿತು. ಅದು ಸೀತನಿಯ ಹಂಗಾಮು. ಹೊಲದಲ್ಲಿ ಎಳೆ ಜೋಳದ ತೆನೆ ಸುಡುವ ವಾಸನೆ ಊರೆಲ್ಲ ಹರಡುತ್ತಿತ್ತು. ಉಳಿದ ಹುಡುಗರು ಬಿಸಿ ಕಾಳಿಗೆ ಬೆಲ್ಲ ಹಚ್ಚಿಕೊಂಡು ತಿನ್ನುವಾಗ ನಾನು ತಣ್ಣೀರಿನಲ್ಲಿ ಹಲ್ಲು ಕಡಿಯುತ್ತ ನಿಂತಿರುತ್ತಿದ್ದೆ. ಮಾಸ್ತರರ ಮೇಲೆ ಬರಬೇಕಾದ ಸಿಟ್ಟು ಕಮಲಿಯ ಮೇಲೆ ಬಂತು. ಅವಳ ಮೇಲೆ ಸಿಟ್ಟಾಗುವುದು ಸುಲಭವಿತ್ತು.

ಅವಳೇನು ಬಾಯಿ ಸತ್ತವಳಲ್ಲ. ಗಜ್ಜುಗ ಆಡುವಾಗ ದೂರ ನಿಂತೇ ಎಸೆದು ನಮ್ಮೆಲ್ಲರನ್ನೂ ಸೋಲಿಸುತ್ತಿದ್ದಳು. ಒಂದು ದಿನ ನಾನು ಬರೆದುಕೊಟ್ಟ ‘ನ’ ನೋಡಿ, “ಏನಬೇ ಇದು, ಉಂಡ ಹೊಟ್ಟಿ ಊದಿದಂಗ ಬರದೀಯಲ್ಲ” ಎಂದಳು. ಅದನ್ನೇ ತಿದ್ದಿ ತಿದ್ದಿ ನನ್ನದಕ್ಕಿಂತ ಚೆಂದ ಮಾಡಿದಳು. ಮಾಸ್ತರರು ದೂರದಿಂದ ನೋಡಿ, “ನೋಡ್ರಿ, ಹೊರಗ ಕುಂತಾಕಿ ಅಕ್ಷರ ನಿಮಗಿಂತ ದುಂಡಗ ಅದಾವ” ಎಂದು ನಮ್ಮನ್ನು ಹಂಗಿಸಿದರು. ನನ್ನ ಕಿವಿ ಕೆಂಪಾಯಿತು.

ಮರುದಿನದಿಂದ ನಾನು ತಲೆಕಟ್ಟು ಬಿಟ್ಟೆ. ಕ, ಗ, ತ, ಮ ಇಂಥ ಅಕ್ಷರಗಳ ನೆತ್ತಿಯ ಮೇಲೆ ಒಂದು ಸಣ್ಣ ಕೊಂಡಿ ಇರುತ್ತದಲ್ಲ, ಅದೇ ತಲೆಕಟ್ಟು. ಎಲ್ಲ ಅಕ್ಷರಕ್ಕೂ ಅದು ಇರುವುದಿಲ್ಲ, ಹಾಗಾಗಿ ಗೊತ್ತಿಲ್ಲದವರಿಗೆ ಮೋಸ ತಿಳಿಯುವುದಿಲ್ಲ. ಅವಳ ಪಾಟಿಯ ಮೇಲೆ ಮಾತ್ರ ಎಲ್ಲವನ್ನೂ ಬೋಳು ಬರೆದೆ. ಅವಳು ಕೇಳಿದಳು, ಮೊದಲು ಇತ್ತಲ್ಲ ಎಂದು. ಮಾಸ್ತರರು ಈಗ ಬೇಡ ಅಂದಿದ್ದಾರೆ ಎಂದು ನೆಲ ನೋಡುತ್ತ ಹೇಳಿದೆ. ಅವಳು ನಂಬಿದಳು. ಮಾತಾಡದ ಹುಡುಗಿ ಸುಳ್ಳು ಹೇಳುವುದಿಲ್ಲ ಎಂದು ಊರೇ ನಂಬಿತ್ತು. ಒಂದೂವರೆ ತಿಂಗಳು ಅವಳು ಬೋಳು ಅಕ್ಷರಗಳನ್ನು ನಾಲಿಗೆ ಹೊರಚಾಚಿ ತಿದ್ದಿದಳು. ಮಾಸ್ತರರು ಹೊಸ್ತಿಲಿಂದಲೇ ಹ್ಞೂಂ ಎನ್ನುತ್ತಿದ್ದರು. ದೂರದಿಂದ ದುಂಡಗೆ ಕಂಡರೆ ಅವರಿಗೆ ಸಾಕು.

ಪರೀಕ್ಷೆಯೆಂದರೆ ತನ್ನ ಹೆಸರು ಬರೆದು ತೋರಿಸುವುದು. ಬರೆದವರು ಎರಡನೇ ಇಯತ್ತೆಗೆ. ಪಾಸಾಗದಿದ್ದರೆ ಅವ್ವ ತನ್ನ ಜೊತೆ ಕೂಲಿಗೆ ಕರೆದೊಯ್ಯುತ್ತಾಳೆ ಎಂದು ಕಮಲಿ ಹೇಳಿದ್ದಳು. ಹೇಳಿದ್ದು ನನಗೇ.

ಅವಳು ಪಾಟಿಯನ್ನು ತಲೆಯ ಮೇಲೆತ್ತಿ ಹಿಡಿದಳು. ‘ಕಮಲ’ ಎಂದು ಬರೆದಿದ್ದಳು. ‘ಲ’ಗೆ ತಲೆಕಟ್ಟು ಬೇಕಿಲ್ಲ, ಅದೊಂದು ಸರಿಯಿತ್ತು. ‘ಕ’, ‘ಮ’ ಎರಡೂ ಬೋಳು. ಮಾಸ್ತರರು ನಕ್ಕರು.

“ಏನಲೇ, ರುಂಡ ಹಾರಿಸಿದಂಗ ಬರದೀಯಲ್ಲ, ಯಾರ ಹೆಸರಿದು?”

ಎಲ್ಲರೂ ನಕ್ಕರು. ಅವಳು ಬಾಗಿ ಒಳಗೆ ಕೂತವರ ಪಾಟಿಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ತನ್ನ ಪಾಟಿಯನ್ನು ತಿರುವಿದಳು. ಆ ಬದಿಯಲ್ಲಿ ನಾನು ಬೆಳಿಗ್ಗೆ ಬರೆದುಕೊಟ್ಟ ಬೋಳು ‘ನ’ ಹಾಗೇ ಇತ್ತು, ಇನ್ನೂ ತಿದ್ದಿರಲಿಲ್ಲ.

“ಈಕಿ ಬರದ ಕೊಟ್ಟಾಳ್ರಿ ಗುರುಗಳ. ನಾ ಬರೇ ತಿದ್ದೇನಿ. ಕೈಯಾಗ ತಗೊಂಡ ನೋಡ್ರಿ, ಇದು ಈಕಿ ಕೈಬರಾ.”

ಹೊಸ್ತಿಲ ಮೇಲಿಂದ ಪಾಟಿ ಒಳಗೆ ಚಾಚಿದ್ದಳು. ಮಾಸ್ತರರು ಒಂದು ಹೆಜ್ಜೆ ಹಿಂದೆ ಸರಿದರು. ಕೈಗೆ ತೆಗೆದುಕೊಂಡಿದ್ದರೆ, ಆ ಊದಿದ ಹೊಟ್ಟೆಯ ‘ನ’ ಯಾರದೆಂದು ಅವರಿಗೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ತೆಗೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿ, ನೀನೇ ಹೀಗೆ ಬರೆದುಕೊಟ್ಟೆಯಾ ಎಂದು ಕೇಳಿದರು. ನಾನು ಇಲ್ಲವೆಂದು ತಲೆ ಆಡಿಸಿದೆ. ಬಾಯಿ ತೆರೆಯುವ ಕಷ್ಟವೂ ಬೀಳಲಿಲ್ಲ.

ಅವಳನ್ನು ಮುಟ್ಟದೆ ಹೊಡೆಯಲು ಬೆತ್ತ ಸಾಕಷ್ಟು ಉದ್ದವಿತ್ತು. ಅವಳು ಅಳಲಿಲ್ಲ. ಪಾಟಿ ಕಂಕುಳಲ್ಲಿಟ್ಟುಕೊಂಡು ಹೊಡೆತ ಮುಗಿಯುವ ತನಕ ನಿಂತಿದ್ದಳು.

ಆ ಸಂಜೆ ಮನೆಯಲ್ಲಿ ಎಲ್ಲ ಹೇಳಿಬಿಟ್ಟೆ. ಬೈಸಿಕೊಳ್ಳಬೇಕೆಂದೇ ಹೇಳಿದ್ದೆ. ಆಯಿ ಬಿದ್ದು ಬಿದ್ದು ನಕ್ಕಳು. “ನಮ್ಮ ಮೂಕಿ ಭಾಳ ಶಾಣ್ಯಾ ಅದಾಳ, ಸುಮ್ಮ ಅಲ್ಲ” ಎಂದು ಅಪ್ಪನಿಗೆ ಕೂಗಿ ಹೇಳಿದಳು. ಅವ್ವ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿಕೊಟ್ಟಳು. ರುಚಿಯಾಗಿತ್ತು. ಎರಡು ತಿಂದೆ.

ಎರಡು ದಿನ ಬಿಟ್ಟು ಬಾವಿಯ ದಾರಿಯಲ್ಲಿ ಕಮಲಿ ಅಡ್ಡ ನಿಂತಳು. ಕಾಲ ಮೇಲೆ ಬೆತ್ತದ ಗೆರೆಗಳಿದ್ದವು. ಕೂಗಾಡಲಿಲ್ಲ.

“ನನ್ನ ಪಾಟಿ ಇನ್ನ ನೀ ಮುಟ್ಟಬ್ಯಾಡ. ಮುಟ್ಟಿದರ ಮೈಲಿಗಿ ಆಕ್ಕೈತಿ.”

ನಮ್ಮ ಆಯಿಯ ಮಾತನ್ನೇ ನನಗೆ ತಿರುಗಿಸಿ ಕೊಟ್ಟಿದ್ದಳು. ನಾನು ದಾರಿ ಬಿಟ್ಟು ಸರಿದೆ. ಜೂನ್‌ನಲ್ಲಿ ನಾನು ಎರಡನೇ ಇಯತ್ತೆಯಲ್ಲಿ ಕೂತೆ. ಹೊಸ್ತಿಲ ಆಚೆ ಯಾರೂ ಇರಲಿಲ್ಲ. ಕಮಲಿಯ ಮನೆಯವರು ಭೂತನಾಳದ ಕಡೆ ಕೂಲಿಗೆ ಹೋದರೆಂದು ಯಾರೋ ಅಂದರು. ಮಾಸ್ತರರು ಹಾಜರಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದದ್ದನ್ನು ನಾನೇ ನೋಡಿದೆ. ಹೆಸರಿಗೆ ಅವರು ತಲೆಕಟ್ಟು ಸರಿಯಾಗಿಯೇ ಹಾಕಿದ್ದರು.

ಅವಳು ಬೇರೆ ಕಡೆ ಬರೆಯಲು ಕಲಿತಿರಬಹುದು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ನನ್ನ ಅನುಕೂಲದ ಮಾತು. ಭೂತನಾಳ ಇಲ್ಲಿಂದ ದೂರವಿಲ್ಲ. ಇಷ್ಟು ವರ್ಷ ಈ ಊರಲ್ಲಿದ್ದು ಒಮ್ಮೆಯೂ ಹೋಗಿ ಕೇಳಲಿಲ್ಲ. ನಾಚಿಕೆ ಸ್ವಭಾವ ಎಂದು ನೀವು ನನ್ನನ್ನು ಕಾಡಿಸುತ್ತೀರಿ. ಅದರಲ್ಲಿ ಎಷ್ಟು ನಾಚಿಕೆ, ಎಷ್ಟು ಹೇಡಿತನ ಎಂದು ನಾನೇ ಬೇರೆ ಮಾಡಲಾರೆ.

ಆ ಕಾಲ ಹೋಯಿತು ಎಂದು ಚಹಾ ಕುಡಿಯುವವರು ಕೊರಗಲಿ. ಆ ಸಾಲಿ, ಆ ಬೆತ್ತ, ಆ ಮಾಸ್ತರರು ಹೋದದ್ದಕ್ಕೆ ನನಗೆ ದುಃಖವಿಲ್ಲ. ನಾನು ಲೆಕ್ಕಕ್ಕೆ ಹಿಡಿಯುವ ನಷ್ಟ ಒಂದೇ. ನನ್ನ ಬಗ್ಗೆ ಬರೆಯಲು ಕಮಲಿಯ ಹತ್ತಿರ ಬಹಳ ಇತ್ತು, ಬರೆಯಲು ಬಂದಿದ್ದರೆ ನನಗಿಂತ ಚೂಪಾಗಿ ಬರೆಯುತ್ತಿದ್ದಳು. ಅದನ್ನು ಈಗ ನಾನೇ ಬರೆಯಬೇಕಾಯಿತು. ಎಷ್ಟು ಪ್ರಾಮಾಣಿಕವಾಗಿ ಬರೆದರೂ ಇದರಲ್ಲಿ ಇರುವುದು ನನ್ನ ಕಡೆಯ ಮಾತು. ಅವಳ ಕಡೆಯದು ನಿಮಗೆ ಓದಲು ಸಿಗುವುದಿಲ್ಲ.